ಟರ್ಮಿನಲ್‌ನ ಪ್ರಶ್ನೋತ್ತರ: ಮೂರು ಮುಕ್ತ ತಂತ್ರಾಂಶಗಳ ತೌಲನಿಕ ವಿವೇಚನೆ

ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಗಣಕದಲ್ಲಿ ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸುವ ಕೆಲಸ ನೂರಾರು ಕಡತಗಳಿಗೆ ಬೆಳೆದಾಗ, ಟರ್ಮಿನಲ್‌ನ ಮುಂದೆ ಕುಳಿತು ಪ್ರತಿಯೊಂದು ಪ್ರಶ್ನೆಗೂ ಉತ್ತರಿಸುವುದು ಕಷ್ಟಸಾಧ್ಯ. ಉತ್ತರಗಳನ್ನು ಮೊದಲೇ ಬರೆದಿಟ್ಟು ಒಟ್ಟಿಗೆ ಒಪ್ಪಿಸಬಹುದಲ್ಲವೇ ಎಂದು ಕೇಳಬಹುದು. ಆದರೆ ಗುಪ್ತಪದ ಕೇಳುವಂಥ ಅನೇಕ ತಂತ್ರಾಂಶಗಳು ಉತ್ತರವನ್ನು ನೇರವಾಗಿ ಟರ್ಮಿನಲ್‌ನಿಂದಲೇ ಓದುತ್ತವೆ. ಆದುದರಿಂದ ಹುಸಿ ಟರ್ಮಿನಲ್ ಒಂದನ್ನು ತೆರೆದು, ಎದುರಿಗೆ ಮನುಷ್ಯನೇ ಕುಳಿತಿದ್ದಾನೆಂಬ ಭ್ರಮೆಯನ್ನು ಅವುಗಳಿಗೆ ಹುಟ್ಟಿಸಬೇಕಾಗುತ್ತದೆ. ಇಲ್ಲಿ ಹೋಲಿಸುತ್ತಿರುವ ಮೂರೂ ಸಾಧನಗಳ ಬುಡದಲ್ಲಿರುವುದು ಈ ಉಪಾಯವೇ.

ಇವುಗಳಲ್ಲಿ ಹಿರಿಯದು ಎಕ್ಸ್‌ಪೆಕ್ಟ್. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಡಾನ್ ಲೈಬ್ಸ್ ಇದನ್ನು 1990ರಲ್ಲಿ ಬೆಳಕಿಗೆ ತಂದರು. ಟಿಕಲ್ ಎಂಬ ಭಾಷೆ ಇದಕ್ಕೆ ಆಧಾರ. ನಿರೀಕ್ಷಿತ ಮಾತು ಬರುವತನಕ ಕಾಯುವುದು, ಬಂದೊಡನೆ ಉತ್ತರಿಸುವುದು, ಇಷ್ಟೇ ಇದರ ಕ್ರಮ. ಮುಮ್ಮೇಳದ ಸಾಲು ಮುಗಿಯುವುದನ್ನೇ ಕಾದು ಸೊಲ್ಲು ಹಿಡಿಯುವ ಹಿಮ್ಮೇಳವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಇದರ ಜೊತೆಗೇ ದೊರೆಯುವ ಆಟೋಎಕ್ಸ್‌ಪೆಕ್ಟ್, ನಾವು ನಡೆಸಿದ ಸಂವಾದವನ್ನು ದಾಖಲಿಸಿ ತಾನೇ ಸ್ಕ್ರಿಪ್ಟ್ ಬರೆದುಕೊಡುತ್ತದೆ. ಆದರೆ ಪರದೆಯಲ್ಲಿ ಮೂಡಿದ ದಿನಾಂಕ, ವೇಳೆಗಳನ್ನೂ ಅದು ಅಕ್ಷರಶಃ ನಿರೀಕ್ಷಿಸುವುದರಿಂದ ಮರುದಿನವೇ ಎಡವಬಹುದು. ಪಾಠಾಂತರವನ್ನು ಒಪ್ಪದ ಸಂಪಾದಕನ ಹಾಗೆ!

ಎಕ್ಸ್‌ಪೆಕ್ಟ್‌ನ ನಿಜವಾದ ಅಪಾಯ ಬೇರೆಡೆ ಇದೆ. ಬೇರೆ ಸೂಚನೆ ನೀಡದಿದ್ದರೆ ಅದು ಕಾಯುವುದು 10 ಸೆಕೆಂಡು ಮಾತ್ರ. ಅನಂತರ ಏನೂ ನಡೆಯದಂತೆ ಮುಂದಿನ ಸಾಲಿಗೆ ಹೋಗುತ್ತದೆ. ನನ್ನ ಸ್ಕ್ರಿಪ್ಟ್, ಹೊಸ ಫೋಲ್ಡರ್ ತೆರೆಯಲೇ ಎಂಬ ಪ್ರಶ್ನೆಗಾಗಿ ಕಾದಿತ್ತು. ಫೋಲ್ಡರ್ ಮೊದಲೇ ಇದ್ದುದರಿಂದ ಆ ಪ್ರಶ್ನೆ ಬರಲಿಲ್ಲ. ಗಡುವು ಮುಗಿದೊಡನೆ ಅದು ಕಳುಹಿಸಿದ ‘ಹೌದು’, ಹಳೆಯ ಕಡತವನ್ನು ಅಳಿಸಿ ಬರೆಯಲೇ ಎಂಬ ಪ್ರಶ್ನೆಗೆ ಸಂದಿತು. ಬೀಸುವ ಪದಗಳ ಒಂದು ಗಂಟೆಯ ಮುದ್ರಣ ಅಳಿಯಿತು. ಬೇರೆ ಪ್ರತಿಯಿರಲಿಲ್ಲ, ಹಾಡಿದಾಕೆ ಆ ವೇಳೆಗೆ ತೀರಿಕೊಂಡಿದ್ದರು.

ಪೈಥಾನ್ ಭಾಷೆಯ ಪೆಕ್ಸ್‌ಪೆಕ್ಟ್ ಇದೇ ಕ್ರಮವನ್ನು ಅನುಸರಿಸಿದರೂ, ಗಡುವು (ಸಾಮಾನ್ಯವಾಗಿ 30 ಸೆಕೆಂಡು) ಮೀರಿದಾಗ ದೋಷವನ್ನು ಸಾರಿ ಅಲ್ಲಿಯೇ ನಿಲ್ಲುತ್ತದೆ. ಈ ಒಂದು ಕಾರಣಕ್ಕಾಗಿಯೇ ಹೊಸಬರಿಗೆ ನಾನು ಇದನ್ನು ಸೂಚಿಸುತ್ತೇನೆ.

2007ರಲ್ಲಿ ಹೊರಬಂದ ಟೀಮಕ್ಸ್‌ನ ಮೂಲ ಉದ್ದೇಶ ಒಂದೇ ಪರದೆಯಲ್ಲಿ ಹಲವು ಟರ್ಮಿನಲ್‌ಗಳನ್ನು ನಡೆಸುವುದು. ಅದರ ಮೂಲಕ ಕೀಲಿಗಳನ್ನು ಕಳುಹಿಸಬಹುದು, ಪರದೆಯ ಪಠ್ಯವನ್ನು ಹಿಡಿದುಕೊಳ್ಳಬಹುದು. ಇಡೀ ಪರದೆಯನ್ನು ಆವರಿಸುವ ತಂತ್ರಾಂಶಗಳಿಗೆ ಇದು ಅನುಕೂಲ. ಆದರೆ ಪ್ರಶ್ನೆಗಾಗಿ ತಾನಾಗಿ ಕಾಯುವುದಿಲ್ಲ, ಪರದೆಯನ್ನು ಮತ್ತೆ ಮತ್ತೆ ಓದಿ ನೋಡುವ ಹೊಣೆ ಬಳಸುವವರದೇ.

ಎಕ್ಸ್‌ಪೆಕ್ಟ್‌ನಲ್ಲಿ ಬರೆದ ಹಳೆಯ ಸ್ಕ್ರಿಪ್ಟ್‌ಗಳನ್ನು ನಾನು ಕೈಬಿಟ್ಟಿಲ್ಲ. ಪ್ರತಿಯೊಂದು ಕಾಯುವಿಕೆಯ ಕೆಳಗೂ, ಗಡುವು ಮೀರಿದರೆ ಕೆಲಸ ನಿಲ್ಲಿಸತಕ್ಕದ್ದೆಂಬ ಒಂದು ಸಾಲನ್ನು ಸೇರಿಸಿದ್ದೇನೆ.