ಮೆಟ್ಟಿಲ ಮೇಲಿನ ಹಂಸಗಳೂ ನಲವತ್ತೆರಡರ ಲೆಕ್ಕವೂ

2019ರ ಡಿಸೆಂಬರ್ 24. ಫ್ರಾನ್ಸಿನಲ್ಲಿ ಪಿಂಚಣಿ ಸುಧಾರಣೆಯ ವಿರುದ್ಧ ರೈಲು, ಮೆಟ್ರೋ ನೌಕರರ ಮುಷ್ಕರ ಶುರುವಾಗಿ ಮೂರು ವಾರ ಆಗ್ತಾ ಬಂದಿತ್ತು. ಅವತ್ತು ಪ್ಯಾರಿಸ್ಸಿನ ಪಾಲೆ ಗಾರ್ನಿಯೆ ಎಂಬ ಆ ಭವ್ಯ ಒಪೆರಾ ಕಟ್ಟಡದ ಮುಂದೆ, ಕಂಬಗಳ ಸಾಲಿನೆದುರು, ಬಿಳಿ ಟುಟು ತೊಟ್ಟ ಬ್ಯಾಲೆ ಕಲಾವಿದೆಯರು ಬಂದು ನಿಂತರು. ಒಪೆರಾದ ವಾದ್ಯಗಾರರೇ ಪಕ್ಕದಲ್ಲಿ ಕೂತು ನುಡಿಸಿದರು. ಚಳಿಗಾಲ, ಬರಿತೋಳು. 'ಸ್ವಾನ್ ಲೇಕ್'ನ ಒಂದು ತುಣುಕನ್ನು ಬೀದಿಯ ಜನಕ್ಕೆ ಆಡಿ ತೋರಿಸಿದರು. ಹಿಂದೆ ಬ್ಯಾನರ್: ಪ್ಯಾರಿಸ್ ಒಪೆರಾ ಮುಷ್ಕರದಲ್ಲಿದೆ.

ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಸಂಘಟನೆಯಲ್ಲಿರುವ ಗೆಳೆಯನೊಬ್ಬನಿಗೂ ಕಳಿಸಿದ್ದೆ. "ರಾಜರ ಆಸ್ಥಾನದ ಕುಣಿತ ಮಾರಾಯ್ತಿ, ಇದಕ್ಕೆಲ್ಲ ಯಾಕೆ ಕಣ್ಣೀರು?" ಅಂದ. ಅವನ ಮಾತಿನ ಅರ್ಧ ಸರಿ. ಬ್ಯಾಲೆ ಹುಟ್ಟಿದ್ದು, ಬೆಳೆದದ್ದು ಆಸ್ಥಾನಗಳಲ್ಲೇ. ಫ್ರಾನ್ಸಿನ ಹದಿನಾಲ್ಕನೇ ಲೂಯಿ ತಾನೇ ನರ್ತಕ, 1661ರಲ್ಲಿ ನೃತ್ಯಕ್ಕೊಂದು ಅಕಾಡೆಮಿ ಮಾಡಿಸಿದವನು. ಆದರೆ ಅದೇ ರಾಜನ ಕಾಲದಲ್ಲಿ, 1698ರಲ್ಲಿ, ಒಪೆರಾದ ಕಲಾವಿದರಿಗೆ ಪಿಂಚಣಿಯ ವ್ಯವಸ್ಥೆಯೂ ಶುರುವಾಯಿತು. ಕಿರೀಟ ಹೋಯ್ತು, ಗಣರಾಜ್ಯ ಬಂತು, ಪಿಂಚಣಿ ಉಳೀತು. ಈಗಿನ ನಿಯಮದ ಪ್ರಕಾರ ಪ್ಯಾರಿಸ್ ಒಪೆರಾದ ನರ್ತಕರು 42ಕ್ಕೆ ನಿವೃತ್ತರಾಗಬಹುದು.

ನಲವತ್ತೆರಡು! ಕೇಳಿದ ತಕ್ಷಣ ಯಾರಿಗಾದರೂ ಇದು ಐಷಾರಾಮ ಅನಿಸುತ್ತೆ. ಸರ್ಕಾರದ ಪರ ಇದ್ದವರು ಹೇಳಿದ್ದೂ ಅದನ್ನೇ. ಹಾಗಾಗಿ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಅಲ್ಲಿನ ಬ್ಯಾಲೆ ಶಾಲೆಗೆ ಮಕ್ಕಳು ಸೇರೋದು ಎಂಟು, ಒಂಬತ್ತು ವರ್ಷಕ್ಕೆ. ಹದಿನೇಳು, ಹದಿನೆಂಟಕ್ಕೆ ತಂಡದಲ್ಲಿ ಸಂಬಳದ ಕೆಲಸ. ಅಂದರೆ 42ರ ಹೊತ್ತಿಗೆ ಸುಮಾರು ಇಪ್ಪತ್ತೈದು ವರ್ಷದ ನೌಕರಿ, ಅದರ ಹಿಂದೆ ಹತ್ತು ವರ್ಷದ ತಾಲೀಮು. ಎರಡೂ ಕಾಲನ್ನು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಿಸಿ ನಿಲ್ಲೋದು ಬ್ಯಾಲೆಯ ಮೊದಲ ಪಾಠ. ಮನುಷ್ಯನ ದೇಹ ಅದಕ್ಕೆಂದು ಆಗಿದ್ದಲ್ಲ. ಒಂದು ನೆಗೆತದಿಂದ ಕೆಳಗಿಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಪಾದ, ಮೊಣಕಾಲಿನ ಮೇಲೆ ಬೀಳುತ್ತೆ. ಕಾಲಿನ ಸಣ್ಣ ಮೂಳೆಗಳಲ್ಲಿ ಕೂದಲೆಳೆಯಂಥ ಬಿರುಕು, ಹಿಮ್ಮಡಿಯ ನರದ ಊತ, ಸೊಂಟದ ನೋವು ಇವೆಲ್ಲ ಈ ಕಸುಬಿನಲ್ಲಿ ಮಾಮೂಲಿ. ತುದಿಗಾಲಲ್ಲಿ ನಿಲ್ಲೋಕೆ ತೊಡುವ ಪಾಯಿಂಟ್ ಷೂ ಒಳಗೆ ಮರವೋ ಕಬ್ಬಿಣವೋ ಇದೆ ಅಂತ ನಾನು ಬಹಳ ದಿನ ನಂಬಿದ್ದೆ. ಇಲ್ಲ. ಬಟ್ಟೆ, ಕಾಗದ, ಅಂಟು ಇವನ್ನು ಪದರ ಪದರವಾಗಿ ಒಣಗಿಸಿ ಮಾಡಿದ ಗಟ್ಟಿ ಗೂಡು, ಮೇಲೆ ಸ್ಯಾಟಿನ್. ದೊಡ್ಡ ಪಾತ್ರ ಮಾಡುವವರಿಗೆ ಒಂದೇ ಸಂಜೆಯಲ್ಲಿ ಒಂದು ಜೊತೆ ಮೆತ್ತಗಾಗಿಬಿಡುತ್ತೆ. ಷೂ ಬದಲಾಯಿಸಬಹುದು.

2019ರಲ್ಲಿ ಫ್ರೆಂಚ್ ಸರ್ಕಾರ ತರಲು ಹೊರಟಿದ್ದು, ವಿಶೇಷ ಪಿಂಚಣಿ ವ್ಯವಸ್ಥೆಗಳನ್ನೆಲ್ಲ ತೆಗೆದು ಎಲ್ಲರಿಗೂ ಒಂದೇ ಅಂಕ ಆಧಾರಿತ ಪದ್ಧತಿ. ಜೀವಮಾನವಿಡೀ ದುಡಿದು ಕೂಡಿಹಾಕಿದ ಅಂಕಗಳ ಮೇಲೆ ಪಿಂಚಣಿ. ಕೇಳೋಕೆ ಸಮಾನತೆ. ಆದರೆ ಕುರ್ಚಿ ಮೇಲೆ ಕೂತು ದುಡಿಯುವವರ ಅರವತ್ತು ವರ್ಷಕ್ಕೂ ಮೊಣಕಾಲ ಮೇಲೆ ದುಡಿಯುವವರ ಅರವತ್ತು ವರ್ಷಕ್ಕೂ ಒಂದೇ ಅಳತೆಗೋಲು ಹಿಡಿದರೆ ಅದು ಯಾವ ಸೀಮೆ ಸಮಾನತೆ? ನರ್ತಕರ ಜೊತೆಗೆ ರೈಲು ಓಡಿಸುವವರೂ ಬೀದಿಯಲ್ಲಿದ್ದರು ಅನ್ನೋದನ್ನು ಮರೀಬಾರದು.

ನನಗೆ ಅತಿ ದೊಡ್ಡದಾಗಿ ಕಂಡಿದ್ದು ಆಮೇಲಿನ ಕತೆ. ಸರ್ಕಾರ ಒಂದು ರಿಯಾಯಿತಿ ಮುಂದಿಟ್ಟಿತು: ಈಗ ಕೆಲಸದಲ್ಲಿರುವ ನರ್ತಕರಿಗೆ ಹಳೆಯ ನಿಯಮವೇ ಇರಲಿ, 2022ರಿಂದ ಸೇರುವವರಿಗೆ ಮಾತ್ರ ಹೊಸದು. ಅಂದರೆ ಮೆಟ್ಟಿಲ ಮೇಲೆ ಕುಣಿದ ಆ ಹುಡುಗಿಯರಲ್ಲಿ ಒಬ್ಬರ ಜೇಬಿಂದಲೂ ಒಂದು ಪೈಸೆ ಹೋಗ್ತಿರಲಿಲ್ಲ. ಅವರು ಒಪ್ಪಲಿಲ್ಲ. ನಮ್ಮ ನಂತರದವರನ್ನು ಬಲಿಕೊಟ್ಟ ತಲೆಮಾರು ನಾವಾಗೋದಿಲ್ಲ ಅಂದರು.

ಈ ಸೂತ್ರ ನಮಗೇನೂ ಹೊಸದಲ್ಲ. 2006ರ ಏಪ್ರಿಲ್ 1ರಿಂದ ಕರ್ನಾಟಕ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಎನ್‌ಪಿಎಸ್ ಬಂದಿದ್ದು ಹೀಗೇ. ಹಳಬರಿಗೆ ಹಳೇದು, ಹೊಸಬರಿಗೆ ಹೊಸದು. ನಾಳೆ ಸೇರುವವರು ಇವತ್ತು ಧರಣಿ ಕೂರೋಕೆ ಇರೋದಿಲ್ಲವಲ್ಲ, ಅದಕ್ಕೇ ಎಲ್ಲ ಸರ್ಕಾರಗಳಿಗೂ ಈ ದಾರಿ ಸಲೀಸು.

ಇರಲಿ. ನಾನು ಬ್ಯಾಲೆಗೆ ಬಿದ್ದ ಕತೆಯನ್ನೂ ಹೇಳಿಬಿಡ್ತೀನಿ. ನಮ್ಮ ಕಾಲದ ಮಕ್ಕಳಿಗೆ ಗೊತ್ತಿರುತ್ತೆ, ಶಾಲೆ ಪುಸ್ತಕಕ್ಕೆ ರಟ್ಟು ಹಾಕೋಕೆ ಸೋವಿಯತ್ ಪತ್ರಿಕೆಗಳ ನುಣುಪು ಹಾಳೆಯಷ್ಟು ಚೆಂದದ್ದು ಬೇರೆ ಇರಲಿಲ್ಲ. ನನ್ನ ಗಣಿತದ ಪುಸ್ತಕದ ಮೇಲೆ ಒಬ್ಬಾಕೆ ಗಾಳಿಯಲ್ಲಿ ತೇಲ್ತಾ ಇದ್ದಳು. ಮಾಯಾ ಪ್ಲಿಸೆತ್ಸ್ಕಾಯಾ ಅಂತ ಹೆಸರು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆಕೆಯ ಅಪ್ಪನನ್ನು ಸ್ಟಾಲಿನ್ ಕಾಲದಲ್ಲಿ ಕೊಂದರು, ಅಮ್ಮನನ್ನು ಶಿಬಿರಕ್ಕೆ ಕಳಿಸಿದರು ಅನ್ನೋದು ಇನ್ನೂ ತಡವಾಗಿ ತಿಳಿಯಿತು. ಅಂಥ ದೇಶದ ಅತಿಥಿಗಳ ಮುಂದೆ ಆಕೆ ಹಂಸವಾಗಿ ಕುಣಿಯುತ್ತಲೇ ಇದ್ದಳು. ಗಣಿತದ ಪುಸ್ತಕದ ಮೇಲಿನ ಆ ತೇಲುವ ಹೆಂಗಸಿಗೆ ಭಾರವೇ ಇಲ್ಲ ಅಂದುಕೊಂಡಿದ್ದೆ.

ಭಾರ ಕಾಣದ ಹಾಗೆ ಮಾಡೋದೇ ಬ್ಯಾಲೆಯ ಕಸುಬು. 1832ರಲ್ಲಿ 'ಲಾ ಸಿಲ್ಫಿದ್'ನಲ್ಲಿ ಮೇರಿ ಟ್ಯಾಗ್ಲಿಯೋನಿ ತುದಿಗಾಲಲ್ಲಿ ನಿಂತು ಗಾಳಿಯ ಹುಡುಗಿಯಾದ ಮೇಲೆ ಎಲ್ಲರಿಗೂ ಅದೇ ಮಾದರಿ. ಆ ಹಗುರದ ಬೆಲೆ ಕೆಲವೊಮ್ಮೆ ಜೀವವೇ. ಎಮ್ಮಾ ಲಿವ್ರಿ ಎಂಬ ಹುಡುಗಿ 1862ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ತಾಲೀಮು ಮಾಡುವಾಗ ಆಕೆಯ ಲಂಗಕ್ಕೆ ರಂಗದ ಗ್ಯಾಸ್ ದೀಪದಿಂದ ಬೆಂಕಿ ಹತ್ತಿತು. ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದಿದ ಬಟ್ಟೆ ಆಗಲೇ ಬಂದಿತ್ತು. ಆದರೆ ಅದು ಸೆಟೆದುಕೊಂಡು ಮಬ್ಬಾಗಿ ಕಾಣುತ್ತಿತ್ತು; ಆಕೆ ಬೇಡ ಅಂದಿದ್ದಳು. ಎಂಟು ತಿಂಗಳು ನರಳಿ, ಇಪ್ಪತ್ತರ ಹರೆಯದಲ್ಲಿ ತೀರಿಕೊಂಡಳು. ಆಕೆಯೇ ಬೇಡ ಅಂದಳು ಅಂತ ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತೆ. ಹಗುರವಾಗಿ ಕಂಡರಷ್ಟೇ ಅನ್ನ ಅನ್ನೋ ಕಡೆ ಆ 'ಬೇಡ' ಯಾರ ಮಾತು?

ಈ ವಿಷಯಕ್ಕೆ ಒಂದು ಪುಸ್ತಕ ಹೇಳಲೇಬೇಕು. ಚಿತ್ರಕಾರ ದೆಗಾ 1881ರಲ್ಲಿ ಪ್ರದರ್ಶನಕ್ಕಿಟ್ಟ ಹದಿನಾಲ್ಕು ವರ್ಷದ ಪುಟ್ಟ ನರ್ತಕಿಯ ಮೇಣದ ಮೂರ್ತಿ ನೀವು ನೋಡಿರಬಹುದು. ಅದಕ್ಕೆ ನಿಂತವಳು ಮೇರಿ ವಾನ್ ಗೋಥೆಮ್, ಬಟ್ಟೆ ಒಗೆಯುವವಳ ಮಗಳು. ಒಪೆರಾದ ಇಂಥ ಬಡ ಹುಡುಗಿಯರನ್ನು ಜನ 'ಪುಟಾಣಿ ಇಲಿಗಳು' ಅಂತಿದ್ದರು. ಚಂದಾ ಕಟ್ಟಿದ ಶ್ರೀಮಂತ ಗಂಡಸರಿಗೆ ರಂಗದ ಹಿಂದೆ ಅವರ ಹತ್ತಿರ ಹೋಗಿ ನಿಲ್ಲುವ ಹಕ್ಕಿತ್ತು. ಆಮೇಲೆ ಏನಾಗ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೇರಿಗೆ ಗೈರುಹಾಜರಿಗೆ ದಂಡ ಬಿದ್ದು 1882ರಲ್ಲಿ ಕೆಲಸ ಹೋಯಿತು. ಕಮಿಲ್ ಲೋರೆನ್ಸ್ ಎಂಬ ಫ್ರೆಂಚ್ ಲೇಖಕಿ ಈ ಹುಡುಗಿಯನ್ನು ಹುಡುಕಿಕೊಂಡು ಹೋಗಿ ಬರೆದ ಸಣ್ಣ ಪುಸ್ತಕ ಇಂಗ್ಲಿಷಿನಲ್ಲೂ ಇದೆ. ಜೆನಿಫರ್ ಹೋಮನ್ಸ್ 2010ರಲ್ಲಿ ಬರೆದ 'ಅಪೋಲೋಸ್ ಏಂಜೆಲ್ಸ್' ಬ್ಯಾಲೆಯ ಇಡೀ ಚರಿತ್ರೆ ಹೇಳುವ ದಪ್ಪ ಪುಸ್ತಕ, ಓದಲೇಬೇಕಾದ್ದು. ಆದರೆ ಕೊನೆಯಲ್ಲಿ ಆಕೆ ಬ್ಯಾಲೆ ಸಾಯ್ತಾ ಇದೆ ಅಂತ ಕಣ್ಣೀರು ಹಾಕೋದು ನನಗೆ ಒಪ್ಪಿಗೆಯಿಲ್ಲ. ಮೇರಿಯಂಥವರನ್ನು ನೆನೆದರೆ, ಕೆಲವು ಬಗೆಯ ಬ್ಯಾಲೆ ಸತ್ತರೂ ಚಿಂತೆಯಿಲ್ಲ.

ಆದರೂ ನೋಡದೆ ಇರೋಕಾಗಲ್ಲ. ನನ್ನ ಅಚ್ಚುಮೆಚ್ಚಿನ ದೃಶ್ಯ ಯಾವುದು ಗೊತ್ತಾ? 1877ರ 'ಲಾ ಬಯಾದೆರ್'ನ ಛಾಯೆಗಳ ಲೋಕ. ಕತ್ತಲ ರಂಗದ ಹಿಂದಿನ ಇಳಿಜಾರಿನಲ್ಲಿ ಬಿಳಿ ಉಡುಪಿನ ಒಬ್ಬಳು ಬರ್ತಾಳೆ, ಒಂದು ಕಾಲೆತ್ತಿ ಮುಂದಕ್ಕೆ ಬಾಗ್ತಾಳೆ, ಎರಡು ಹೆಜ್ಜೆ ಇಡ್ತಾಳೆ. ಅವಳ ಹಿಂದೆ ಇನ್ನೊಬ್ಬಳು. ಮತ್ತೊಬ್ಬಳು. ಹೀಗೆ ಇಪ್ಪತ್ತನಾಲ್ಕೋ ಮೂವತ್ತೆರಡೋ ಜನ. ಮೊದಲು ಇಳಿದವಳು ಅದೇ ಭಂಗಿಯನ್ನು ಹೆಚ್ಚುಕಮ್ಮಿ ನಲವತ್ತು ಸಲ ಮಾಡಬೇಕು, ಅದೇ ಕಾಲಿನ ಮೇಲೆ. ಒಬ್ಬಳು ತೂರಾಡಿದರೂ ಇಡೀ ಸಾಲು ಕೆಟ್ಟಿತು. ಇವರಲ್ಲಿ ಯಾರಿಗೂ ಪಾತ್ರದ ಹೆಸರಿಲ್ಲ. ಪೋಸ್ಟರ್ ಮೇಲೆ ಬರೋದು ನಾಯಕಿಯ ಮುಖ. ನನಗೆ ರೋಮಾಂಚನ ಆಗೋದು ಹೆಸರಿಲ್ಲದ ಈ ಸಾಲನ್ನು ನೋಡಿದಾಗ.

ಮುಜುಗರವೂ ಇಲ್ಲೇ. ಈ ಬ್ಯಾಲೆ ನಡೆಯೋದು ಭಾರತದಲ್ಲಂತೆ! ಬಯಾದೆರ್ ಅಂದರೆ ದೇವಾಲಯದ ನರ್ತಕಿ. ಪೋರ್ಚುಗೀಸರು ದೇವದಾಸಿಯರನ್ನು ಕರೆದ ಹೆಸರಿನಿಂದ ಬಂದ ಪದ. ನಿಕಿಯಾ ಎಂಬ ನರ್ತಕಿ, ಸೊಲೊರ್ ಎಂಬ ಯೋಧ, ಗಮ್ಜಾತಿ ಎಂಬ ರಾಜಕುಮಾರಿ. ಯಾವ ಊರಿನ ಹೆಸರುಗಳೋ ದೇವರೇ ಬಲ್ಲ. ಹೂಬುಟ್ಟಿಯಲ್ಲಿ ಹಾವು, ಯೋಧನ ಕೈಯಲ್ಲಿ ಅಫೀಮು. ಇದನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೂತು ಕಟ್ಟಿದವನು ಮಾರಿಯುಸ್ ಪೆಟಿಪಾ. ಅವನಿಗೂ ಮೊದಲೇ, 1838ರಲ್ಲಿ, ಪುದುಚೇರಿ ಸಮೀಪದ ತಿರುವೇಂದಿಪುರದ ನಿಜವಾದ ದೇವದಾಸಿಯರ ಒಂದು ಸಣ್ಣ ತಂಡ ಪ್ಯಾರಿಸ್, ಲಂಡನ್ನಿಗೆ ಹೋಗಿ ಕುಣಿದಿತ್ತು. ಅವರಲ್ಲಿ ಅಮಾನಿ ಎಂಬಾಕೆಯನ್ನು ಕವಿ ಗೋತಿಯೆ ಹಾಡಿ ಹೊಗಳಿದ. ಯುರೋಪಿನ ರಂಗದ ಮೇಲೆ ಉಳಿದಿದ್ದು ಮಾತ್ರ ನಿಜದವರಲ್ಲ, ಬಿಳಿ ಟುಟುವಿನವರು. ಪ್ಯಾರಿಸ್ಸಿನ ಮುಷ್ಕರದ ಅದೇ ಡಿಸೆಂಬರ್ ತಿಂಗಳಲ್ಲಿ, ಇದೇ ಬ್ಯಾಲೆಗಾಗಿ ಮುಖಕ್ಕೆ ಕಪ್ಪು ಬಳಿದುಕೊಂಡ ರಷ್ಯಾದ ಹುಡುಗಿಯರ ಫೋಟೋವನ್ನು ಮಿಸ್ಟಿ ಕೋಪ್‌ಲ್ಯಾಂಡ್ ಎತ್ತಿ ತೋರಿಸಿದ್ದರು. ಅಮೆರಿಕನ್ ಬ್ಯಾಲೆ ಥಿಯೇಟರಿನಲ್ಲಿ 2015ರಲ್ಲಿ ಪ್ರಧಾನ ನರ್ತಕಿಯಾದ ಮೊದಲ ಕಪ್ಪು ಮಹಿಳೆ ಅವರು. ಬೊಲ್ಶೊಯ್ ಕ್ಷಮೆ ಕೇಳಲಿಲ್ಲ. ಬದಲಿಗೆ ಜಾಲತಾಣದಲ್ಲಿ ಬೈಗುಳ ತಿಂದಿದ್ದು ಕೋಪ್‌ಲ್ಯಾಂಡ್.

ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಬಂದಿದ್ದು 1982ರಲ್ಲಿ. ಆ ಪದ್ಧತಿಯಲ್ಲಿ ಬೆಂದವರಲ್ಲಿ ಬಹುಪಾಲು ದಲಿತ ಮಹಿಳೆಯರು. ಮಾಸಾಶನ ಹೆಚ್ಚಿಸಿ ಅಂತ ಉತ್ತರ ಕರ್ನಾಟಕದಿಂದ ರಾತ್ರಿ ಬಸ್ಸು, ರೈಲು ಹತ್ತಿ ಬಂದು ಬೆಂಗಳೂರಿನಲ್ಲಿ ಧರಣಿ ಕೂತಿದ್ದಾರೆ. ಪ್ಯಾರಿಸ್ಸಿನಲ್ಲಿ ಸುಳ್ಳು ದೇವದಾಸಿಯ ಪಾತ್ರ ಮಾಡಿದವಳಿಗೆ ನಲವತ್ತೆರಡಕ್ಕೆ ಪಿಂಚಣಿ ಇದೆ. ಅವಳದ್ದು ಕಿತ್ತುಕೊಳ್ಳಬೇಕು ಅಂತ ಹೇಳ್ತಿಲ್ಲ. ಅವಳು ಅದನ್ನು ಹೇಗೆ ಉಳಿಸಿಕೊಂಡಳು ಅನ್ನೋದು ನನ್ನ ಕುತೂಹಲ.

ಉಳಿಸಿಕೊಂಡಳು, ಹೌದು. ಹತ್ತಾರು ಪ್ರದರ್ಶನ ರದ್ದಾದವು, ಒಪೆರಾಗೆ ಕೋಟಿಗಟ್ಟಲೆ ನಷ್ಟವಾಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಸುಧಾರಣೆಯೇ ನಿಂತಿತು. 2023ರಲ್ಲಿ ಸರ್ಕಾರ ನಿವೃತ್ತಿ ವಯಸ್ಸನ್ನು 64ಕ್ಕೆ ಏರಿಸುವ ಬೇರೊಂದು ಕಾನೂನು ತಂದಾಗ, ಪ್ಯಾರಿಸ್ ಮೆಟ್ರೋದ ಹೊಸ ನೌಕರರ ವಿಶೇಷ ಪಿಂಚಣಿ ಹೋಯಿತು, ಒಪೆರಾದ್ದು ಹೋಗಲಿಲ್ಲ. ಜೊತೆಗೆ ಮುಷ್ಕರ ಮಾಡಿದವರಲ್ಲಿ ಹಂಸಗಳು ಗೆದ್ದು ಚಾಲಕರು ಸೋತಿದ್ದು ನನಗಿನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಗೆಳೆಯ ಹೇಳಿದ್ದರಲ್ಲಿ ಅರ್ಧ ಸರಿ ಅಂದೆನಲ್ಲ, ಅದು ಈ ಅರ್ಧ.

ನನಗೂ ಈಗ ನಲವತ್ತೆರಡು. ಇಪ್ಪತ್ತು ವರ್ಷ ಕಂಪ್ಯೂಟರ್ ಮುಂದೆ ಕೂತ ಸೊಂಟ ನನ್ನದು. ಎರಡು ವರ್ಷದ ಹಿಂದೆ ಬೆನ್ನುನೋವಿಗೆ ಡಾಕ್ಟರು ಏನಾದರೂ ಮಾಡಮ್ಮ, ಸುಮ್ಮನೆ ಕೂರಬೇಡ ಅಂದಾಗ ದೊಡ್ಡವರ ಬ್ಯಾಲೆ ತರಗತಿ ಹುಡುಕಿ ಸೇರಿಕೊಂಡೆ. ಗೋಡೆಗೆ ಜೋಡಿಸಿದ ಹಿಡಿಕೋಲಿಗೆ ಬಾರ್ ಅಂತಾರೆ. "ಶನಿವಾರ ಬೆಳಗ್ಗೆ ಏಳಕ್ಕೆ ಬಾರ್‌ನಲ್ಲಿರ್ತೀನಿ" ಅಂತ ಫೋನಲ್ಲಿ ಅಂದಿದ್ದಕ್ಕೆ ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು. ಮಿಕ್ಕ ದಿನ ಅಡುಗೆಮನೆ ಕಟ್ಟೆಯೇ ನನ್ನ ಬಾರ್. ಕುಕ್ಕರ್ ಮೂರು ಸಲ ಕೂಗೋವರೆಗೆ ಮಂಡಿ ಬಗ್ಗಿಸೋದು, ಏಳೋದು. ಇದಕ್ಕೆ ಪ್ಲಿಯೇ ಅಂತ ಹೆಸರು. ಭರತನಾಟ್ಯ ಕಲಿತವರಿಗೆ ಅರಮಂಡಿ ನೆನಪಾಗುತ್ತೆ. ಬೊಲ್ಶೊಯ್‌ನ ತಾರೆಯೂ ದಿನಾ ಬೆಳಗ್ಗೆ ಶುರು ಮಾಡೋದು ಇದರಿಂದಲೇ.

ನಾನು ಯಾವತ್ತೂ ಹಂಸ ಆಗಲ್ಲ, ಬಾತುಕೋಳಿ ಆದರೂ ದೊಡ್ಡದು. ಆದರೆ ಒಂದು ಕಾಲಿನ ಮೇಲೆ ಹತ್ತು ಸೆಕೆಂಡ್ ನಿಲ್ಲೋಕೆ ಬೆವರು ಸುರಿಸಿದ ಮೇಲೆ ಛಾಯೆಗಳ ಆ ಸಾಲನ್ನು ನೋಡಿದರೆ ಮೊದಲಿನ ಹಾಗೆ ಕಾಣಲ್ಲ. ಈಗ ಆ ನಿಂತ ಕಾಲಿನ ಪಾದದಲ್ಲಿ ಸಣ್ಣ ನಡುಕ ಕಾಣುತ್ತೆ.

ನಮಗೆ ಹೇಳಿಕೊಡುವವರಿಗೆ ನನಗಿಂತ ಐದಾರು ವರ್ಷ ಕಮ್ಮಿ ವಯಸ್ಸು. ಬೆಳಗ್ಗಿಂದ ಸಂಜೆವರೆಗೆ ಮೂರು ಬಡಾವಣೆಗಳಲ್ಲಿ ಐದು ಬ್ಯಾಚು, ಎಡಮೊಣಕಾಲಿಗೆ ಯಾವಾಗಲೂ ಪಟ್ಟಿ. ಮೊನ್ನೆ ಪ್ಯಾರಿಸ್ಸಿನ ಕತೆ ಹೇಳಿ, "ನಿಮಗೆ ಪಿಎಫ್ ಏನಾದರೂ ಇದೆಯಾ ಮೇಡಂ?" ಅಂತ ಕೇಳಿದೆ. ಜೋರಾಗಿ ನಕ್ಕರು. ಬ್ಯಾಚಿಗೆ ಇಷ್ಟು ಅಂತ ದುಡ್ಡಂತೆ, ರಜೆ ಹಾಕಿದರೆ ಅದೂ ಇಲ್ಲ. ಆ ಮೆಟ್ಟಿಲ ಮೇಲಿನ ವಿಡಿಯೋ ಕಳಿಸಿ ಅಂದರು. ಆಮೇಲೆ ಪಟ್ಟಿಯನ್ನು ಸ್ವಲ್ಪ ಮೇಲಕ್ಕೆಳೆದುಕೊಂಡು, "ಸರಿ, ಎಲ್ಲರೂ ಬಾರ್ ಹಿಡ್ಕೊಳ್ಳಿ, ಪ್ಲಿಯೇ" ಅಂದರು.