ತೊಗಟೆಯ ಅಡಿಯ ಕಂದು ‘ಕಾಳು’ಗಳು

ಬಿದ್ದು ಕೊಳೆಯುತ್ತಿರುವ ಮಾವಿನ ಕೊಂಬೆಯ ಸಡಿಲ ತೊಗಟೆಯನ್ನು ಮೆಲ್ಲಗೆ ಎಬ್ಬಿಸಿ ನೋಡಿ. ಗೋಧಿ ಕಾಳಿನಂಥ ಕಂದು ಬಣ್ಣದ ವಸ್ತುಗಳು ಅಲ್ಲಲ್ಲಿ ಅಂಟಿಕೊಂಡಿರುವುದು ಕಾಣಬಹುದು. ಕೆಲವರು ಇವನ್ನು ಯಾವುದೋ ಬೀಜವೆಂದು ಒರೆಸಿಹಾಕುತ್ತಾರೆ. ಮತ್ತೆ ಕೆಲವರು ಕಾಂಡಕೊರಕ ಬಂತೆಂದು ಗಾಬರಿಯಾಗಿ ಮರಕ್ಕೆ ಕೀಟನಾಶಕ ಸುರಿಯುತ್ತಾರೆ. ಹಣವೂ ದಂಡ, ಮರಕ್ಕೂ ಪ್ರಯೋಜನವಿಲ್ಲ. ಏಕೆಂದರೆ ಇವು ನೊಣದ ಕೋಶಗಳು. ತೊಗಟೆಯಡಿಯ ನೊಣದ ಮರಿಹುಳುಗಳಲ್ಲಿ ಹಲವು ಕೊಳೆತದ್ದನ್ನು ತಿನ್ನುತ್ತವೆ. ಕೆಲವಂತೂ ಮರ ಕೊರೆಯುವ ದುಂಬಿಯ ಮರಿಗಳನ್ನೇ ಬೇಟೆಯಾಡುತ್ತವೆ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಕಾಲುಗಳನ್ನು ಹುಡುಕಿ. ಮಾವಿನ ಕಾಂಡಕೊರಕ ಒಂದು ದುಂಬಿ. ಅದರ ಕೋಶ ಕಾಂಡದೊಳಗಿನ ಸುರಂಗದಲ್ಲಿರುತ್ತದೆ. ಮೆತ್ತಗೆ, ಬಿಳಿಚಿಕೊಂಡು, ಕಾಲು ಮೀಸೆಗಳನ್ನು ಮಡಚಿಕೊಂಡು ಮಲಗಿದಂತೆ ಕಾಣುತ್ತದೆ. ಪತಂಗದ ಕೋಶದಲ್ಲೂ ಕಾಲು ರೆಕ್ಕೆಗಳ ಗುರುತುಂಟು, ಆದರೆ ಮೈಗೆ ಅಂಟಿಸಿದಂತೆ. ಮುಟ್ಟಿದರೆ ಹಿಂಭಾಗ ಕೊಂಕುತ್ತದೆ. ನಮ್ಮ ‘ಕಾಳಿ’ನಲ್ಲಿ ಇದಾವುದೂ ಇಲ್ಲ, ಬರೀ ಉಂಗುರ ಗೆರೆಗಳ ಪೀಪಾಯಿ.

ಇದಕ್ಕೆ ಕಾರಣವಿದೆ. ಕಂಬಳಿಹುಳು ಕೋಶವಾಗುವಾಗ ಕೊನೆಯ ಚರ್ಮವನ್ನು ಕಳಚಿ ಬಿಸಾಡುತ್ತದೆ. ಮನೆನೊಣದಂಥವುಗಳ ಮರಿಹುಳು ಬಿಸಾಡುವುದಿಲ್ಲ. ಆ ಚರ್ಮವೇ ಕುಗ್ಗಿ, ಗಟ್ಟಿಯಾಗಿ, ಬೆಳ್ಳಗಿದ್ದದ್ದು ಕೆಂಪಾಗಿ ಕಂದಾಗಿ ಪೆಟ್ಟಿಗೆಯಾಗುತ್ತದೆ. ನಿಜವಾದ ಕೋಶ ಅದರೊಳಗೆ! ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ಇದು ಹೊಸದಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂದ ಊಜಿ ನೊಣದ ಕೋಶವೂ ಹೀಗೆಯೇ ನೆಲದ ಬಿರುಕುಗಳಲ್ಲಿ ಸಿಗುತ್ತದೆ.

ಭೂತಗನ್ನಡಿ ಹಿಡಿದರೆ ಒಂದು ತುದಿಯಲ್ಲಿ ಎರಡು ಪುಟ್ಟ ಗುಂಡಿಗಳಂಥ ಗುರುತು ಕಾಣುತ್ತದೆ. ಅವು ಉಸಿರಾಟದ ರಂಧ್ರಗಳು. ಅದೇ ಬಾಲದ ಕಡೆ. ಅವುಗಳ ಆಕಾರ ನೋಡಿಯೇ ತಜ್ಞರು ನೊಣದ ಕುಟುಂಬವನ್ನು ಊಹಿಸುತ್ತಾರೆ.

ಎಲ್ಲ ನೊಣಗಳೂ ಪೀಪಾಯಿ ಕಟ್ಟುವುದಿಲ್ಲ ಎಂಬುದು ನೆನಪಿರಲಿ. ಸೈನಿಕ ನೊಣದ ಮರಿ ಕೋಶವಾದ ಮೇಲೂ ಚಪ್ಪಟೆಯಾಗಿ, ಮುಂದೆ ಚೂಪು ತಲೆಯೊಂದಿಗೆ, ಮರಿಯಾಗಿದ್ದಂತೆಯೇ ಕಾಣುತ್ತದೆ. ಬೇರೆ ಕೀಟಗಳನ್ನು ಹಿಡಿದು ತಿನ್ನುವ ದರೋಡೆಕೋರ ನೊಣದ ಕೋಶಕ್ಕೆ ಮುಳ್ಳುಗಳಿರುತ್ತವೆ, ಕಾಲಿನ ಗುರುತೂ ಇರುತ್ತದೆ.

ಖಾಲಿ ಚಿಪ್ಪು ಸಿಕ್ಕಿತೇ? ಅದೂ ಕಥೆ ಹೇಳುತ್ತದೆ. ಒಳಗಿನ ನೊಣ ಹಣೆಯ ಮೇಲಿನ ಚೀಲವೊಂದನ್ನು ಬಲೂನಿನಂತೆ ಉಬ್ಬಿಸಿ, ಡಬ್ಬಿಯ ಮುಚ್ಚಳ ತೆಗೆದಂತೆ ತುದಿಯನ್ನು ಒತ್ತಿ ತೆರೆಯುತ್ತದೆ. ಮುಚ್ಚಳ ಹಾಗೆಯೇ ಇದ್ದು ಸಣ್ಣದೊಂದು ತೂತು ಮಾತ್ರ ಇದ್ದರೆ, ಬಹುಶಃ ಹೊರಬಂದದ್ದು ನೊಣವಲ್ಲ, ಅದನ್ನು ತಿಂದು ಬೆಳೆದ ಪುಟ್ಟ ಕಣಜ.

ಖಚಿತ ಹೆಸರು ಬೇಕಾದರೆ ಕಾಯಬೇಕು. ಅಗಲ ಬಾಯಿಯ ಬಾಟಲಿಗೆ ತುಸು ಒದ್ದೆ ಮರಳು ಹಾಕಿ, ಕೋಶವನ್ನು ತೊಗಟೆಯ ಚೂರಿನೊಂದಿಗೇ ಇಡಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಮರದ ಹೆಸರು, ದಿನಾಂಕ ಬರೆದು ಅಂಟಿಸಿ. ವಾರಗಳೇ ಆದಾವು, ತಾಯಂದಿರು ‘ಇದೇನು ಹೊಲಸು’ ಎಂದು ಬಾಟಲಿ ತೊಳೆದುಬಿಡದಿದ್ದರೆ ಸಾಕು! ಹೊರಬಂದ ನೊಣ ಮೊದಲು ಬಿಳಿಚಿಕೊಂಡು, ರೆಕ್ಕೆ ಮುದುಡಿಕೊಂಡಿರುತ್ತದೆ. ಒಂದು ದಿನ ಬಿಟ್ಟು ಬಣ್ಣ, ರೆಕ್ಕೆಯ ನರಗಳನ್ನು ಚಿತ್ರಿಸಿ. ಖಾಲಿ ಚಿಪ್ಪನ್ನೂ ಆ ಚಿತ್ರದ ಪಕ್ಕದಲ್ಲೇ ಅಂಟಿಸಿಡಿ, ಮುಂದಿನ ಸಲ ಅಂಥದೇ ‘ಕಾಳು’ ಸಿಕ್ಕಾಗ ಹೋಲಿಸಲು ಬೇಕಾಗುತ್ತದೆ.