ಕಡತಕೋಶದೊಳಗಣ ಕಡತಕೋಶ: ಪಠ್ಯಸಂಗ್ರಹದ ಓದಿನಲ್ಲಿ ದಾರಿಯ ಸಾಕ್ಷ್ಯ

ಕನ್ನಡ ಪಠ್ಯಸಂಗ್ರಹವೊಂದರಲ್ಲಿ ‘ಮಡಿವಾಳ’ ಎಂಬ ಪದವನ್ನು ಅರಸಿದರೆ ಮೂರು ಬಗೆಯ ಸಾಲುಗಳು ಕೂಡಿಯೇ ಬರುತ್ತವೆ: ಬಟ್ಟೆ ಒಗೆಯುವ ವೃತ್ತಿಯವರನ್ನು ಕುರಿತವು, ಹನ್ನೆರಡನೆಯ ಶತಮಾನದ ವಚನಕಾರ ಮಡಿವಾಳ ಮಾಚಿದೇವನನ್ನು ಕುರಿತವು, ದಕ್ಷಿಣ ಬೆಂಗಳೂರಿನ ಬಡಾವಣೆಯನ್ನು ಕುರಿತವು. ವಿಭಕ್ತಿಪ್ರತ್ಯಯವಿದ್ದಲ್ಲಿ ತೊಡಕು ಕಡಿಮೆ. ‘ಮಡಿವಾಳನಿಗೆ’, ‘ಮಡಿವಾಳಕ್ಕೆ’ ಎಂಬ ರೂಪಗಳೇ ವ್ಯಕ್ತಿಯನ್ನೂ ಸ್ಥಳವನ್ನೂ ಬೇರ್ಪಡಿಸುತ್ತವೆ. ಆದರೆ ‘ಮಡಿವಾಳ ಸಂಘ’ ಎಂಬಲ್ಲಿ ರೂಪವು ನೆರವಾಗದು. ಆ ಸಾಲು ಯಾವ ಕಡತದಿಂದ, ಯಾವ ಕಡತಕೋಶದಿಂದ ಬಂದಿತೆಂಬುದೇ ಆಗ ಉಳಿಯುವ ಸಾಕ್ಷ್ಯ.

ಉಪವಾಕ್ಯದೊಳಗೆ ಉಪವಾಕ್ಯ ಅಡಕವಾಗುವುದನ್ನು ಬಲ್ಲ ಭಾಷಾವಿಜ್ಞಾನಿಗೆ ಕಡತಕೋಶಗಳ ಪುನರಾವರ್ತಕ ಓದು ಹೊಸತೇನಲ್ಲ. ಪೈಥಾನ್ ಭಾಷೆಯ ‘ಓಎಸ್.ವಾಕ್’ ಪ್ರತಿ ಹೆಜ್ಜೆಯಲ್ಲಿಯೂ ಮೂರನ್ನು ನೀಡುತ್ತದೆ: ತಾನಿರುವ ದಾರಿ, ಅಲ್ಲಿನ ಒಳಕೋಶಗಳ ಹೆಸರುಗಳು, ಕಡತಗಳ ಹೆಸರುಗಳು. ಬಹುಪಾಲು ಸಂಶೋಧಕರು ಕಡತಗಳನ್ನು ತೆರೆದು, ಪಠ್ಯವನ್ನೆಲ್ಲ ಒಂದೇ ರಾಶಿಯಾಗಿ ಸುರಿದು, ದಾರಿಯನ್ನು ಕೈಬಿಡುತ್ತಾರೆ. ಪ್ರತಿಯೊಂದು ಸಾಲಿನೊಡನೆಯೂ ಅದರ ದಾರಿಯನ್ನು ಉಳಿಸಿಕೊಳ್ಳಬೇಕೆಂಬುದು ನಮ್ಮ ನಿಲುವು.

ಇದಕ್ಕಿಂತ ಗಂಭೀರವಾದುದು ಮೌನ. ತೆರೆಯಲು ಅನುಮತಿಯಿಲ್ಲದ ಕೋಶ ಎದುರಾದರೆ ‘ವಾಕ್’ ದೂರು ನೀಡದೆ ಮುಂದೆ ಸಾಗುತ್ತದೆ. ದೋಷವನ್ನು ವರದಿ ಮಾಡಿಸಬೇಕೆಂದರೆ ‘ಆನ್‌ಎರರ್’ ಎಂಬ ಸ್ಥಾನದಲ್ಲಿ ನಾವೇ ಒಂದು ಕಾರ್ಯವನ್ನು ಒದಗಿಸಬೇಕು. ಕಡತದ ಮಟ್ಟದಲ್ಲಿಯೂ ಹೀಗೆಯೇ. ಯೂನಿಕೋಡ್‌ಪೂರ್ವ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪಠ್ಯವು ಆ ಶೈಲಿಯಿದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಅದನ್ನು ಯುಟಿಎಫ್-8 ಎಂದು ಓದಿ, ದೋಷಗಳನ್ನು ಕಡೆಗಣಿಸುವಂತೆ ಆದೇಶಿಸಿದರೆ, ‘ಮಡಿವಾಳ’ದ ಎಣಿಕೆ ಸೊನ್ನೆಯಾಗುತ್ತದೆ. ಈ ಸೊನ್ನೆಯನ್ನು ಬಳಕೆಯ ಅಭಾವವೆಂದು ತಿಳಿದು ವಾದ ಕಟ್ಟುವುದು ಸುಲಭ, ಅಪಾಯಕರವೂ ಹೌದು.

ಯೂನಿಕೋಡ್ ಪಠ್ಯವೂ ಸಂಪೂರ್ಣ ನಿರಾತಂಕವಲ್ಲ. ‘ಮಡಿವಾಳದೊಳಗೆ’ ಎಂಬಲ್ಲಿನ ಒಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎಕಾರ, ಊಕಾರ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಆದುದರಿಂದ ಎಣಿಕೆಗೆ ಮುನ್ನ ಪಠ್ಯವನ್ನು ಏಕರೂಪಗೊಳಿಸತಕ್ಕದ್ದು.

ಆವರ್ತನ ಪಟ್ಟಿಯನ್ನು ಪ್ರಕಟಿಸುವಾಗ ಪ್ರತಿ ಕೋಶದಲ್ಲಿ ಕಂಡ ಕಡತಗಳೆಷ್ಟು, ಓದಿದವೆಷ್ಟು, ತಿರಸ್ಕೃತವಾದವೆಷ್ಟು ಎಂಬ ಮೂರು ಸಂಖ್ಯೆಗಳನ್ನೂ ಜೊತೆಗೆ ಕೊಡಬಹುದು. ಇದಕ್ಕೆ ತಗಲುವುದು ನಾಲ್ಕಾರು ಸಾಲಿನ ಹೆಚ್ಚುವರಿ ಬರಹ ಮಾತ್ರ.